ಸರೌಂಡ್ ಪ್ರೊಸೆಸರ್ ಆರಿಸುವ ಮುಂಚೆ ಕೋಣೆಗೆ ಟೇಪ್ ಹಿಡಿಯಿರಿ

ಹೋಮ್ ಥಿಯೇಟರ್ ಕಟ್ಟಲು ಹೊರಟವರು ನನ್ನನ್ನು ಮೊದಲು ಕೇಳುವುದು ಯಾವ ಪ್ರೊಸೆಸರ್ ಒಳ್ಳೆಯದು ಅಂತ. ನಾನು ತಿರುಗಿ ಕೇಳುವುದೂ ಯಾವಾಗಲೂ ಒಂದೇ. ಕೋಣೆಯ ಉದ್ದ ಎಷ್ಟು, ಅಗಲ ಎಷ್ಟು, ಸೋಫಾ ಗೋಡೆಗೆ ಅಂಟಿಕೊಂಡಿದೆಯಾ, ಹಿಂದೆ ಜಾಗ ಇದೆಯಾ? ಹೆಚ್ಚಿನವರು ಅಳತೆ ಮಾಡಿರುವುದಿಲ್ಲ. ಪ್ರೊಸೆಸರ್ ದುಬಾರಿ ಸಾಮಾನು, ಒಮ್ಮೆ ತಂದರೆ ವರ್ಷಗಟ್ಟಲೆ ಜೊತೆಗಿರುತ್ತದೆ. ಕೋಣೆಗೆ ಒಗ್ಗದೇ ಹೋದರೆ ಅದು ಎಷ್ಟು ದೊಡ್ಡದಾದರೂ ಬಾಸ್ ಗುಂಯ್ ಅನ್ನುತ್ತದೆ, ಮಾತು ಮಸುಕಾಗುತ್ತದೆ. ಹಾಗಾಗಿ ಅಂಗಡಿಗೆ ಹೋಗುವುದು ಆಮೇಲೆ ಇರಲಿ.

ಪ್ರೊಸೆಸರೇ ಬೇಕಾ, ರಿಸೀವರ್ ಸಾಕಾ?

ಇದು ಮೊದಲು ಬಗೆಹರಿಯಬೇಕು. ಎವಿ ರಿಸೀವರ್‌ನಲ್ಲಿ ಎರಡು ಕೆಲಸ ಒಂದೇ ಪೆಟ್ಟಿಗೆಯಲ್ಲಿ ನಡೆಯುತ್ತವೆ. ಸಿನಿಮಾದ ಧ್ವನಿಯನ್ನು ಬಿಡಿಸಿ ಯಾವ ಸ್ಪೀಕರ್‌ಗೆ ಏನು ಹೋಗಬೇಕು ಅಂತ ಹಂಚುವುದೂ ಅದೇ, ಸ್ಪೀಕರ್‌ಗಳಿಗೆ ಪವರ್ ಕೊಡುವುದೂ ಅದೇ. ಪ್ರೊಸೆಸರ್ ಹಂಚುವ ಕೆಲಸ ಮಾತ್ರ ಮಾಡುತ್ತದೆ. ಪವರ್ ಆಂಪ್ ಬೇರೆ ಕೊಳ್ಳಬೇಕು. ಸ್ಪೀಕರ್ ವೈರ್ ಸಿಕ್ಕಿಸುವ ಜಾಗವೇ ಪ್ರೊಸೆಸರ್ ಹಿಂದೆ ಇರುವುದಿಲ್ಲ.

ಸಾಧಾರಣ ಕೋಣೆ, ಐದು ಸ್ಪೀಕರ್, ಒಂದು ಸಬ್‌ವೂಫರ್ ಅಂದರೆ ರಿಸೀವರ್ ಸಾಕು, ಸುಮ್ನೆ ಖರ್ಚು ಬೇಡ. ಆದರೆ ನಿಮ್ಮ ಸ್ಪೀಕರ್‌ಗಳು 4 ಓಮ್‌ನವು (ಆಂಪ್‌ನಿಂದ ಹೆಚ್ಚು ಕರೆಂಟ್ ಎಳೆಯುವಂಥವು), ಕೋಣೆ ದೊಡ್ಡದು, ಚಾನೆಲ್ ಒಂಬತ್ತು ಹನ್ನೊಂದು ದಾಟುತ್ತದೆ ಅಂದರೆ ಲೆಕ್ಕ ಬೇರೆ. ರಿಸೀವರ್ ಡಬ್ಬಿಯ ಮೇಲೆ ಬರೆದಿರುವ ವ್ಯಾಟ್ ಹೆಚ್ಚಿನ ಸಲ ಎರಡೇ ಚಾನೆಲ್ ಓಡಿಸಿ ಅಳೆದದ್ದು. ಎಲ್ಲ ಚಾನೆಲ್ ಒಟ್ಟಿಗೆ ಓಡಿದಾಗ ಅಷ್ಟು ಬರುವುದಿಲ್ಲ. ಇವೆರಡರ ನಡುವೆ ಇನ್ನೊಂದು ದಾರಿಯೂ ಇದೆ: ಪ್ರಿ-ಔಟ್, ಅಂದರೆ ಹೊರಗಿನ ಆಂಪ್‌ಗೆ ಸಿಗ್ನಲ್ ಕಳಿಸುವ ತೂತು, ಇರುವ ರಿಸೀವರ್ ತಂದು, ಮುಂದಿನ ಮೂರು ಸ್ಪೀಕರ್‌ಗೆ ಮಾತ್ರ ಬೇರೆ ಆಂಪ್ ಹಾಕುವುದು. ಹೊಸಬರಿಗೆ ನಾನು ಹೇಳುವುದು ಇದನ್ನೇ.

ಸ್ಪೀಕರ್ ಎಣಿಸಿ

ಈಗ ಟೇಪ್ ತೆಗೆದುಕೊಳ್ಳಿ. ಸೋಫಾದಲ್ಲಿ ನಿಮ್ಮ ತಲೆ ಇರುವ ಜಾಗದಿಂದ ಪ್ರತಿ ಸ್ಪೀಕರ್ ಬರುವ ಜಾಗಕ್ಕೆ ಎಳೆದು ಅಳತೆ ಬರೆದಿಡಿ. ಮುಂದಿನ ಎಡ-ಬಲ ಸ್ಪೀಕರ್ ನಿಮ್ಮ ನೇರ ನೋಟದಿಂದ 22ರಿಂದ 30 ಡಿಗ್ರಿ ಪಕ್ಕಕ್ಕೆ, ಸೈಡ್ ಸರೌಂಡ್ 90ರಿಂದ 110, ಹಿಂದಿನವು 135ರಿಂದ 150 ಡಿಗ್ರಿಯಲ್ಲಿ ಬರಬೇಕು. ಸೋಫಾ ಹಿಂದಿನ ಗೋಡೆಗೆ ತಾಗಿದ್ದರೆ ಹಿಂದಿನ ಸ್ಪೀಕರ್‌ಗೆ ಜಾಗವೇ ಇಲ್ಲ, ಅಲ್ವಾ? ಹಾಗಿದ್ದಾಗ ಹಿಂದಿನ ಎರಡನ್ನು ತಲೆ ಹಿಂದೆ ತುರುಕುವುದು ಬೇಡ. 7.1.4 ಬಿಟ್ಟು 5.1.4 ಮಾಡಿಕೊಳ್ಳಿ.

ಈ ಅಂಕಿಗಳು ಅರ್ಥವಾಗದಿದ್ದರೆ ಹೀಗೆ ಓದಿ. ಮೊದಲ ಅಂಕಿ ಕಿವಿಯ ಮಟ್ಟದ ಸ್ಪೀಕರ್, ಎರಡನೆಯದು ಸಬ್‌ವೂಫರ್, ಮೂರನೆಯದು ತಲೆಯ ಮೇಲಿನವು. ಮೂರನೇ ಅಂಕಿ ಬಂದದ್ದು ಡಾಲ್ಬಿ ಅಟ್ಮಾಸ್‌ನಿಂದ. 2012ರಲ್ಲಿ ಚಿತ್ರಮಂದಿರಕ್ಕೆ ಬಂತು, 2014ರಲ್ಲಿ ಮನೆಗೆ ಬಂತು. ಮರುವರ್ಷ ಅದೇ ಬಗೆಯ ಡಿಟಿಎಸ್:ಎಕ್ಸ್ ಬಂತು. ಅದಕ್ಕೂ ಹಿಂದಿನ ವಿಧಾನಗಳಲ್ಲಿ ಈ ಸದ್ದು ಈ ಸ್ಪೀಕರ್‌ಗೆ ಅಂತ ಮೊದಲೇ ಗೊತ್ತುಮಾಡಿ ಇಟ್ಟಿರುತ್ತಿದ್ದರು. ಅಟ್ಮಾಸ್‌ನಲ್ಲಿ ಹೆಲಿಕಾಪ್ಟರ್ ಸದ್ದಿನ ಜೊತೆ ಅದು ಗಾಳಿಯಲ್ಲಿ ಎಲ್ಲಿದೆ ಅನ್ನುವ ಲೆಕ್ಕವೂ ಬರುತ್ತದೆ, ನಿಮ್ಮ ಮನೆಯಲ್ಲಿ ಇರುವ ಸ್ಪೀಕರ್ ನೋಡಿಕೊಂಡು ಅದನ್ನು ಎಲ್ಲಿಂದ ಕೇಳಿಸಬೇಕು ಅಂತ ಪ್ರೊಸೆಸರ್ ಆ ಕ್ಷಣವೇ ತೀರ್ಮಾನಿಸುತ್ತದೆ. ಹಾಗಾಗಿ ಹಿಂದೆ ಎಷ್ಟು ತೂತು ಇವೆ ಅಂತ ಮಾತ್ರ ಎಣಿಸಬೇಡಿ, ಒಟ್ಟಿಗೆ ಎಷ್ಟು ಚಾನೆಲ್ ಪ್ರೊಸೆಸ್ ಮಾಡುತ್ತದೆ ಅಂತ ಕೇಳಿ. ಕೆಲವು ಯಂತ್ರಗಳಲ್ಲಿ ಔಟ್‌ಪುಟ್ ಜಾಸ್ತಿ, ಒಂದೇ ಹೊತ್ತಿಗೆ ಕೆಲಸ ಮಾಡುವ ಚಾನೆಲ್ ಕಡಿಮೆ.

ಮುಂದೆ ಎರಡು ಸ್ಪೀಕರ್ ಸೇರಿಸುವ ಆಸೆ ಇದ್ದರೆ ಅಷ್ಟಕ್ಕೆ ಜಾಗ ಇರುವುದನ್ನೇ ತನ್ನಿ. ಅದಕ್ಕಿಂತ ಜಾಸ್ತಿ ಬೇಡ.

ರೂಮ್ ಕರೆಕ್ಷನ್‌ನಲ್ಲೇ ಎಲ್ಲ ಇದೆ

ರೂಮ್ ಕರೆಕ್ಷನ್ ಅಂದರೆ ಕೋಣೆಯಲ್ಲಿ ಸದ್ದು ಹೇಗೆ ಬರುತ್ತದೆ ಅಂತ ಮೈಕ್ ಇಟ್ಟು ಅಳೆದು, ಅದಕ್ಕೆ ತಕ್ಕಂತೆ ಪ್ರೊಸೆಸರ್ ಸದ್ದನ್ನು ಸರಿಪಡಿಸುವುದು. ನನ್ನನ್ನು ಕೇಳಿದರೆ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. ಎರಡು ಪ್ರೊಸೆಸರ್ ಒಂದೇ ಅಟ್ಮಾಸ್ ಬಿಡಿಸಿದಾಗ ಕಿವಿಗೆ ಗೊತ್ತಾಗುವ ವ್ಯತ್ಯಾಸ ಕಡಿಮೆ. ಕೋಣೆಯನ್ನು ಸರಿಪಡಿಸುವ ರೀತಿಯಲ್ಲಿ ಇರುವ ವ್ಯತ್ಯಾಸ ಸೋಫಾದಲ್ಲಿ ಕೂತ ಎಲ್ಲರಿಗೂ ಗೊತ್ತಾಗುತ್ತದೆ.

ಒಂದು ಪ್ರಯೋಗ ಮಾಡಿ. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿ. 5 ಮೀಟರ್ ಉದ್ದದ ಕೋಣೆಗೆ 34 ಹರ್ಟ್ಸ್ ಬರುತ್ತದೆ. ಅಷ್ಟೇ ಹರ್ಟ್ಸ್‌ನ ಟೋನ್ ಒಂದನ್ನು ಸಬ್‌ವೂಫರ್‌ನಲ್ಲಿ ಮೆಲ್ಲಗೆ ಹಾಕಿ, ಮುಂದಿನ ಗೋಡೆಯಿಂದ ಹಿಂದಿನ ಗೋಡೆಗೆ ನಿಧಾನವಾಗಿ ನಡೆಯಿರಿ. ಗೋಡೆ ಹತ್ತಿರ ಎದೆ ನಡುಗುವ ಹಾಗೆ ಇರುತ್ತದೆ. ಕೋಣೆಯ ನಟ್ಟನಡುವೆ ಬಂದರೆ ಸದ್ದು ಎಲ್ಲಿ ಹೋಯಿತು ಅಂತ ಹುಡುಕಬೇಕು. ನನ್ನ ಸೋಫಾ ಮೊದಲು ಸರಿಯಾಗಿ ಆ ನಡುವೆಯೇ ಇತ್ತು. ಬಾಸ್ ಕಡಿಮೆ ಅಂತ ಸಬ್‌ವೂಫರ್ ಏರಿಸಿದ್ದೇ ಏರಿಸಿದ್ದು, ಪಕ್ಕದ ಕೋಣೆಯವರಿಗೆ ತಲೆನೋವು ಬಂತೇ ಹೊರತು ನನಗೆ ಬಾಸ್ ಬರಲಿಲ್ಲ. ಸೋಫಾವನ್ನು ಹಿಂದಕ್ಕೆ ಎರಡು ಹೆಜ್ಜೆ ಸರಿಸಿದ ಮೇಲೆ ಸರಿಹೋಯಿತು.

ಇದನ್ನು ಯಾಕೆ ಹೇಳಿದೆ ಅಂದರೆ, ಯಾವ ಪ್ರೊಸೆಸರ್ ಕೂಡ ಇಂಥ ಗುಂಡಿ ತುಂಬಲಾರದು. ಅಲ್ಲಿಗೆ ಎಷ್ಟು ಪವರ್ ಸುರಿದರೂ ಸದ್ದು ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಆದರೆ ಉಬ್ಬಿಕೊಂಡ ಜಾಗವನ್ನು, ಅಂದರೆ ಗುಂಯ್ ಅನ್ನುವ ಬಾಸನ್ನು, ಚೆನ್ನಾಗಿ ತಗ್ಗಿಸುತ್ತದೆ. ಎರಡು ಸಬ್‌ವೂಫರ್ ಬೇರೆ ಬೇರೆ ಜಾಗದಲ್ಲಿ ಇಟ್ಟರೆ ಗುಂಡಿಯೂ ಸಾಕಷ್ಟು ಮುಚ್ಚುತ್ತದೆ. ಅದಕ್ಕೆ ಪ್ರೊಸೆಸರ್‌ನ ಸಬ್‌ವೂಫರ್ ಔಟ್‌ಪುಟ್‌ಗಳು ಬೇರೆ ಬೇರೆಯಾಗಿ ಹೊಂದಿಸಲು ಬರುವಂತಿರಬೇಕು. ಎರಡು ತೂತು ಇದ್ದೂ ಎರಡರಲ್ಲೂ ಒಂದೇ ಸಿಗ್ನಲ್ ಬರುವ ಯಂತ್ರಗಳಿವೆ, ಕೇಳಿ ನೋಡಿ.

ರೂಮ್ ಕರೆಕ್ಷನ್‌ಗೆ ಡೆನಾನ್ ಮತ್ತು ಮರಾಂಟ್ಜ್‌ನಲ್ಲಿ ಆಡಿಸ್ಸಿ, ಯಮಾಹಾದಲ್ಲಿ ಅವರದೇ ವೈಪಿಎಒ, ಆಂಥಮ್‌ನಲ್ಲಿ ಅವರದೇ ಎಆರ್‌ಸಿ ಇರುತ್ತದೆ. ಡಿರಾಕ್ ಲೈವ್ ಹಲವು ಕಂಪನಿಗಳ ಯಂತ್ರಗಳಲ್ಲಿ ಸಿಗುತ್ತದೆ. ಟ್ರಿನಾವ್ ನಾಲ್ಕು ಮೈಕ್‌ಗಳನ್ನು ಒಂದೇ ಸ್ಟ್ಯಾಂಡಿನ ಮೇಲೆ ಕೂರಿಸಿ ಸ್ಪೀಕರ್ ಎಷ್ಟು ಎತ್ತರದಲ್ಲಿದೆ ಅನ್ನುವುದನ್ನೂ ಅಳೆಯುತ್ತದೆ. ಹೆಸರಿಗಿಂತ ಮೂರು ಪ್ರಶ್ನೆ ಮುಖ್ಯ. ಎಷ್ಟು ಜಾಗದಲ್ಲಿ ಮೈಕ್ ಇಟ್ಟು ಅಳೆಯಬಹುದು? ಸರಿಪಡಿಸುವುದನ್ನು ಇಷ್ಟು ಹರ್ಟ್ಸ್‌ವರೆಗೆ ಸಾಕು ಅಂತ ನಾವೇ ನಿಲ್ಲಿಸಬಹುದಾ? ಬಾಸ್ ಸ್ವಲ್ಪ ಜಾಸ್ತಿ ಬೇಕು ಅಂದರೆ, ಸದ್ದು ಕೊನೆಗೆ ಹೇಗಿರಬೇಕು ಅಂತ ತೋರಿಸುವ ಗೆರೆಯನ್ನು (ಟಾರ್ಗೆಟ್ ಕರ್ವ್) ನಮ್ಮ ಕಿವಿಗೆ ತಕ್ಕಂತೆ ಎಳೆಯಬಹುದಾ? ಡಿರಾಕ್ ಇದೆ ಅಂದರೆ ಪೂರ್ತಿ ಇದೆಯಾ ಅಂತಲೂ ಕೇಳಿ. ಕೆಲವು ಯಂತ್ರಗಳ ಜೊತೆ ಬರುವ ಲೈಸೆನ್ಸ್ 500 ಹರ್ಟ್ಸ್‌ವರೆಗೆ ಮಾತ್ರ, ಮಿಕ್ಕಿದ್ದಕ್ಕೆ ಮತ್ತೆ ದುಡ್ಡು.

ಅಳತೆ ಮಾಡುವ ದಿನ ಮೈಕನ್ನು ಸೋಫಾದ ಒರಗಿನ ಮೇಲೆ ಇಡಬೇಡಿ. ಮೊದಲ ಸಲ ನಾನು ಹಾಗೇ ಇಟ್ಟಿದ್ದೆ. ಬಟ್ಟೆಗೆ ಬಡಿದು ಬಂದ ಸದ್ದನ್ನೂ ಮೈಕ್ ಲೆಕ್ಕಕ್ಕೆ ತೆಗೆದುಕೊಂಡಿತ್ತು, ಮಾತೆಲ್ಲ ಚುಚ್ಚುವ ಹಾಗೆ ಕೇಳಿಸಿತು. ಕ್ಯಾಮೆರಾ ಸ್ಟ್ಯಾಂಡಿಗೆ ಕಟ್ಟಿ, ಕಿವಿಯ ಎತ್ತರಕ್ಕೆ ನಿಲ್ಲಿಸಿ, ಫ್ಯಾನ್ ಆರಿಸಿ, ಎಲ್ಲರನ್ನೂ ಹೊರಗೆ ಕಳಿಸಿ ಮತ್ತೆ ಮಾಡಿದಾಗ ಅದೇ ಯಂತ್ರ ಬೇರೆಯೇ ಅನ್ನಿಸಿತು.

ಎಚ್‌ಡಿಎಂಐ ತೂತುಗಳನ್ನು ಒಂದೊಂದಾಗಿ ನೋಡಿ

ನಾನೊಂದು ಪ್ರೊಸೆಸರ್ ತಂದಾಗ ಡಬ್ಬಿಯ ಮೇಲೆ ಎಚ್‌ಡಿಎಂಐ 2.1 ಅಂತ ದಪ್ಪಕ್ಷರದಲ್ಲಿತ್ತು. ಮನೆಗೆ ಬಂದು ಪುಸ್ತಕ ಓದಿದಾಗ ಗೊತ್ತಾಯಿತು, ಏಳು ಇನ್‌ಪುಟ್‌ನಲ್ಲಿ ಮೂರಕ್ಕೆ ಮಾತ್ರ ಅದು. ಗೇಮ್ ಕನ್ಸೋಲ್‌ನಿಂದ 4ಕೆ ಚಿತ್ರ ಸೆಕೆಂಡಿಗೆ 120 ಫ್ರೇಮ್‌ನಲ್ಲಿ ಬೇಕು ಅಂದರೆ ಈ ವಿಷಯ ಮುಖ್ಯ. ಬರೀ ಸಿನಿಮಾ ನೋಡುವವರಿಗೆ ಹಳೆಯ 18 ಗಿಗಾಬಿಟ್ ಸಂಪರ್ಕವೇ ಸಾಕು. ಹಾಗಾಗಿ ಒಂದು ತಲೆಮಾರು ಹಳೆಯ, ಒಳ್ಳೆಯ ರೂಮ್ ಕರೆಕ್ಷನ್ ಇರುವ ಪ್ರೊಸೆಸರ್ ಸಿಕ್ಕರೆ ಸಿನಿಮಾದವರು ಧೈರ್ಯವಾಗಿ ತಗೊಳ್ಳಿ.

ಟಿವಿಯೊಳಗಿನ ಆಪ್‌ಗಳಿಂದಲೇ ಸಿನಿಮಾ ನೋಡುವವರಾದರೆ ಟಿವಿಯಲ್ಲೂ ಪ್ರೊಸೆಸರ್‌ನಲ್ಲೂ ಆರ್ಕ್ (ಟಿವಿಯ ಸದ್ದನ್ನು ಎಚ್‌ಡಿಎಂಐ ವೈರ್‌ನಲ್ಲೇ ಹಿಂದಕ್ಕೆ ಪ್ರೊಸೆಸರ್‌ಗೆ ಕಳಿಸುವ ಸೌಲಭ್ಯ) ಅಥವಾ ಅದರ ಹೊಸ ರೂಪ ಇ-ಆರ್ಕ್ ಇದೆಯಾ ನೋಡಿ. ಸ್ಟ್ರೀಮಿಂಗ್‌ನ ಅಟ್ಮಾಸ್ ಸಾಮಾನ್ಯವಾಗಿ ಡಾಲ್ಬಿ ಡಿಜಿಟಲ್ ಪ್ಲಸ್‌ನಲ್ಲಿ ಬರುತ್ತದೆ, ಅದು ಹಳೆಯ ಆರ್ಕ್‌ನಲ್ಲೂ ಸಾಗುತ್ತದೆ. ಬ್ಲೂ-ರೇ ಡಿಸ್ಕಿನಲ್ಲಿ ಅಟ್ಮಾಸ್ ಹೊತ್ತು ತರುವ ಟ್ರೂಎಚ್‌ಡಿ ಹಳೆಯ ಆರ್ಕ್‌ನಲ್ಲಿ ಸಾಗುವುದಿಲ್ಲ, ಅದಕ್ಕೆ ಇ-ಆರ್ಕ್ ಬೇಕು. ಡಿಸ್ಕ್ ಪ್ಲೇಯರನ್ನು ನೇರ ಪ್ರೊಸೆಸರ್‌ಗೇ ಹಾಕಿದರೆ ಈ ಚಿಂತೆ ಇಲ್ಲ. ಆಪ್ಟಿಕಲ್ ವೈರ್ ನಂಬಿಕೊಂಡು ಅಟ್ಮಾಸ್ ಕನಸು ಕಾಣಬೇಡಿ, ಅದರಲ್ಲಿ ಕುಗ್ಗಿಸಿದ 5.1 ದಾಟಿ ಏನೂ ಬರುವುದಿಲ್ಲ.

ಆಂಪ್ ದೂರ ಇಡುವುದಾದರೆ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ದಪ್ಪ ಪ್ಲಗ್) ಔಟ್‌ಪುಟ್ ಇರಲಿ, ಉದ್ದದ ವೈರ್‌ನಲ್ಲಿ ಹಮ್ ಕಡಿಮೆ. ಹತ್ತಿರವೇ ಇದ್ದರೆ ಸಾಮಾನ್ಯ ಆರ್‌ಸಿಎ ಪ್ಲಗ್ ಸಾಕು. 12 ವೋಲ್ಟ್ ಟ್ರಿಗರ್ ಇದ್ದರೆ ಪ್ರೊಸೆಸರ್ ಹಾಕಿದ ಕೂಡಲೇ ಆಂಪ್ ತಾನೇ ಹತ್ತಿಕೊಳ್ಳುತ್ತದೆ.

ಕೇಳಿ ನೋಡುವಾಗ ಮಾತು ಕೇಳಿ

ಅಂಗಡಿಯಲ್ಲಿ ಯಾವಾಗಲೂ ಸ್ಫೋಟದ ದೃಶ್ಯ ಹಾಕುತ್ತಾರೆ. ಅದು ಎಲ್ಲ ಯಂತ್ರದಲ್ಲೂ ಜೋರಾಗಿಯೇ ಇರುತ್ತದೆ. ನೀವು ನಿಮಗೆ ಬಾಯಿಗೆ ಬರುವಷ್ಟು ಪರಿಚಯವಿರುವ ಒಂದು ಮಾತಿನ ದೃಶ್ಯ ಹಾಕಿಸಿ, ಹಿಂದೆ ಮಳೆಯೋ ಸಂಗೀತವೋ ಇರುವಂಥದ್ದು. ಸಿನಿಮಾದ ಮಾತು ಬಹುಪಾಲು ಬರುವುದು ಸೆಂಟರ್ ಸ್ಪೀಕರ್‌ನಿಂದ. ವಾಲ್ಯೂಮ್ ಏರಿಸದೆ, ಕಿವಿ ಚೂಪು ಮಾಡದೆ ಪ್ರತಿ ಪದ ಸಿಗಬೇಕು. ಆಮೇಲೆ ಹಳೆಯ ಸ್ಟೀರಿಯೊ ಸಿನಿಮಾ ಒಂದನ್ನು ಹಾಕಿ, ಅದನ್ನು ಎಲ್ಲ ಸ್ಪೀಕರ್‌ಗೆ ಹರಡುವ ಡಾಲ್ಬಿ ಸರೌಂಡ್, ಡಿಟಿಎಸ್ ನ್ಯೂರಲ್:ಎಕ್ಸ್ ಎರಡನ್ನೂ ಬದಲಾಯಿಸಿ ಕೇಳಿ. ಮನೆಯಲ್ಲಿ ನೋಡುವ ಎಷ್ಟೋ ಸಿನಿಮಾ ಅಟ್ಮಾಸ್ ಆಗಿರುವುದಿಲ್ಲ, ಅವು ಹೇಗೆ ಕೇಳಿಸುತ್ತವೆ ಅನ್ನುವುದೂ ಅಷ್ಟೇ ಮುಖ್ಯ.

ತಂದ ಮೊದಲ ಸಂಜೆ

ಪ್ರೊಸೆಸರ್ ತಾನೇ ಅಳೆದು ಮುಗಿಸಿದ ಮೇಲೆ ಮೆನು ತೆರೆದು ನೋಡಿ. ಎಷ್ಟೋ ಸಲ ಅದು ಮುಂದಿನ ಸ್ಪೀಕರ್‌ಗಳನ್ನು ‘ಲಾರ್ಜ್’ ಅಂತ ಬರೆದುಕೊಂಡಿರುತ್ತದೆ. ಅದನ್ನು ‘ಸ್ಮಾಲ್’ ಮಾಡಿ, ಕ್ರಾಸ್‌ಓವರ್, ಅಂದರೆ ಬಾಸನ್ನು ಸಬ್‌ವೂಫರ್‌ಗೆ ಒಪ್ಪಿಸುವ ಗಡಿ, 80 ಹರ್ಟ್ಸ್‌ಗೆ ಇಡಿ. ಆಗ ಭಾರದ ಬಾಸ್ ಸಬ್‌ವೂಫರ್‌ಗೆ ಹೋಗಿ ಸ್ಪೀಕರ್ ಹಗುರಾಗುತ್ತದೆ. ದೂರದ ಅಂಕಿಗಳನ್ನು ಟೇಪ್ ಹಿಡಿದು ಬರೆದ ಚೀಟಿಯ ಜೊತೆ ಹೋಲಿಸಿ. 34 ಸೆಂಟಿಮೀಟರ್ ತಪ್ಪಿದರೆ ಸದ್ದು ಒಂದು ಮಿಲಿಸೆಕೆಂಡ್ ಆಚೀಚೆ. ಸಬ್‌ವೂಫರ್‌ದು ಮಾತ್ರ ಟೇಪಿಗಿಂತ ಜಾಸ್ತಿ ತೋರಿಸಬಹುದು, ಅದರೊಳಗಿನ ಸರ್ಕ್ಯೂಟ್ ತೆಗೆದುಕೊಳ್ಳುವ ಸಮಯವನ್ನೂ ಸೇರಿಸಿರುತ್ತದೆ, ಅದನ್ನು ಮುಟ್ಟಬೇಡಿ. ಎಲ್ಲ ಸರಿ ಅನ್ನಿಸಿದ ಮೇಲೆ, ಯಂತ್ರದಲ್ಲಿ ಆ ಸೌಲಭ್ಯ ಇದ್ದರೆ, ಇಡೀ ಸೆಟ್ಟಿಂಗನ್ನು ಒಂದು ಫೈಲ್ ಮಾಡಿ ಪೆನ್‌ಡ್ರೈವ್‌ಗೋ ಕಂಪ್ಯೂಟರ್‌ಗೋ ಹಾಕಿಡಿ. ಮುಂದಿನ ಸಾಫ್ಟ್‌ವೇರ್ ಅಪ್‌ಡೇಟ್ ಒತ್ತುವುದು ಅದಾದ ಮೇಲೆ.