ಮೂರು ಸಂಘ, ಒಂದೇ ಮಸ್ಟರ್: ಹುಮನಾಬಾದಿನ ಕಾರ್ಖಾನೆಯೊಂದರಲ್ಲಿ ಮಾನ್ಯತೆ ಇತ್ಯರ್ಥವಾದ ಬಗೆ

ಬೀದರ್ ಜಿಲ್ಲೆಯ ಹುಮನಾಬಾದ್ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ನಾನು ಹಲವು ವರ್ಷ ಕಾರ್ಮಿಕ ಕಲ್ಯಾಣ ಅಧಿಕಾರಿಯಾಗಿ ಕೆಲಸ ಮಾಡಿದ್ದೇನೆ. ಐನೂರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಇಂಥ ಅಧಿಕಾರಿ ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 49ನೆಯ ಕಲಂ ವಿಧಿಸಿತ್ತು. ಸಂಬಳ ಕೊಡುವವರು ಆಡಳಿತದವರು, ಕೆಲಸವಿರುವುದು ಕಾರ್ಮಿಕರ ನಡುವೆ. ಹೀಗಾಗಿ ಎರಡೂ ಕಡೆಯವರ ಅನುಮಾನ ಈ ಹುದ್ದೆಗೆ ಸಹಜವಾಗಿಯೇ ಅಂಟಿಕೊಂಡಿರುತ್ತದೆ. ಅಲ್ಲಿ ಮೂರು ಕಾರ್ಮಿಕ ಸಂಘಗಳ ಪೈಕಿ ಯಾವುದು ಎಲ್ಲರ ಪರವಾಗಿ ಮಾತುಕತೆಗೆ ಕೂರಬೇಕು, ಅಂದರೆ ಯಾವುದಕ್ಕೆ ಮಾನ್ಯತೆ ಎಂಬ ಪ್ರಶ್ನೆ ಎದ್ದಾಗ ಅದನ್ನು ಬಗೆಹರಿಸುವ ಕಾಗದಪತ್ರದ ಕೆಲಸವೆಲ್ಲ ನನ್ನ ಮೇಜಿಗೆ ಬಂತು.

ಹಿಂದಿನ ವೇತನ ಒಪ್ಪಂದದ ಅವಧಿ ಮುಗಿದಿತ್ತು. ಮೊದಲಿನಿಂದ ಮಾತುಕತೆ ನಡೆಸುತ್ತ ಬಂದಿದ್ದ ಹಳೆಯ ಸಂಘ, ಅದರಿಂದ ಒಡೆದು ಬೇರೆ ಕೇಂದ್ರ ಸಂಘಟನೆಗೆ ಸೇರಿದ್ದ ಎರಡನೆಯ ಸಂಘ, ಯಾವ ಸಂಘಟನೆಗೂ ಸೇರದೆ ನೋಂದಣಿಯಾಗಿ ಆಗಷ್ಟೇ ವರ್ಷ ದಾಟಿದ್ದ ಯುವಕರ ಮೂರನೆಯ ಸಂಘ, ಈ ಮೂರೂ ಒಂದೇ ವಾರದಲ್ಲಿ ಬೇರೆ ಬೇರೆ ಬೇಡಿಕೆ ಪಟ್ಟಿ ಸಲ್ಲಿಸಿದವು. ಮೂರೂ ಪತ್ರಗಳಲ್ಲಿ 'ಬಹುಸಂಖ್ಯಾತ ಕಾರ್ಮಿಕರ ಪ್ರತಿನಿಧಿ' ಎಂಬ ಮಾತಿತ್ತು. ಅವರು ಹೇಳಿಕೊಂಡ ಸದಸ್ಯರ ಸಂಖ್ಯೆಗಳನ್ನು ಕೂಡಿಸಿದರೆ ಮೊತ್ತ ನಮ್ಮ ಮಸ್ಟರನ್ನೇ, ಅಂದರೆ ಹಾಜರಿ ಪಟ್ಟಿಯನ್ನೇ ಮೀರುತ್ತಿತ್ತು.

ಆಡಳಿತದ ಎದುರು ಒಂದು ಸುಲಭದ ದಾರಿ ಇತ್ತು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಪ್ರಕಾರ ಮಾಲೀಕರು ಮತ್ತು ಸಂಘ ತಾವೇ ಕುಳಿತು ಮಾಡಿಕೊಂಡ ಒಪ್ಪಂದ 18(1)ನೆಯ ಕಲಮಿನಡಿ ಸಹಿ ಹಾಕಿದವರನ್ನಷ್ಟೇ ಕಟ್ಟುತ್ತಿತ್ತು. ಅದೇ ಒಪ್ಪಂದ ಕಾರ್ಮಿಕ ಇಲಾಖೆಯ ರಾಜಿ ಸಂಧಾನ ಅಧಿಕಾರಿಯ ಮುಂದೆ 12(3)ನೆಯ ಕಲಮಿನಡಿ ಆದರೆ 18(3)ರ ಪ್ರಕಾರ ಆ ಸಂಘದ ಸದಸ್ಯರಲ್ಲದವರನ್ನೂ, ಮುಂದೆ ಕೆಲಸಕ್ಕೆ ಸೇರುವವರನ್ನೂ ಕಟ್ಟುತ್ತಿತ್ತು. ಆದ್ದರಿಂದ ತಮಗೆ ಒಗ್ಗುವ ಸಂಘವನ್ನು ಕರೆದುಕೊಂಡು ಹೋಗಿ ಕಾರ್ಮಿಕ ಅಧಿಕಾರಿಯ ಮುಂದೆ ಸಹಿ ಹಾಕಿಸಿಬಿಟ್ಟರೆ ಕೆಲಸ ಮುಗಿಯಿತು ಎಂಬ ಮಾತು ಮೇಲಿನಿಂದ ಬಂತು. ಹಾಗೆ ಮಾಡಿದರೆ ಕಾನೂನಿನಲ್ಲಿ ಒಪ್ಪಂದ ನಿಲ್ಲಬಹುದು, ಆದರೆ ಎರಡನೆಯ ಪಾಳಿಯಲ್ಲಿ ಯಂತ್ರಗಳೂ ನಿಲ್ಲುತ್ತವೆ ಎಂದು ನಾನು ಬರೆದುಕೊಟ್ಟೆ. ಆ ಟಿಪ್ಪಣಿ ಯಾರಿಗೂ ರುಚಿಸಲಿಲ್ಲ. ಆದರೂ ಅದನ್ನು ತಳ್ಳಿಹಾಕುವ ಧೈರ್ಯವೂ ಯಾರಿಗೂ ಬರಲಿಲ್ಲ.

ಇಲ್ಲಿ ಕಾನೂನಿನ ಸ್ಥಿತಿಯನ್ನು ಸ್ವಲ್ಪ ಹೇಳಬೇಕು. ನೋಂದಣಿ ಬೇರೆ, ಮಾನ್ಯತೆ ಬೇರೆ. 1926ರ ಕಾರ್ಮಿಕ ಸಂಘಗಳ ಕಾಯ್ದೆ ಸಂಘವನ್ನು ಹುಟ್ಟಿಸುತ್ತಿತ್ತೇ ಹೊರತು ಮಾಲೀಕರು ಅದರೊಂದಿಗೆ ಮಾತನಾಡಲೇಬೇಕೆಂದು ಹೇಳುತ್ತಿರಲಿಲ್ಲ. ಮಾನ್ಯತೆಯನ್ನು ಕಡ್ಡಾಯಗೊಳಿಸುವ 1947ರ ತಿದ್ದುಪಡಿ ಅಂಗೀಕಾರವಾದರೂ ಜಾರಿಗೆ ಬರಲೇ ಇಲ್ಲ. ನಮ್ಮ ಗಡಿಯಾಚೆ ಮಹಾರಾಷ್ಟ್ರದಲ್ಲಿ 1971ರ ಕಾಯ್ದೆಯೊಂದಿತ್ತು. ಶೇ. 30ರಷ್ಟು ಸದಸ್ಯರಿರುವ ಸಂಘ ಕೈಗಾರಿಕಾ ನ್ಯಾಯಾಲಯಕ್ಕೆ ಅರ್ಜಿ ಹಾಕಿಕೊಂಡು ಅಲ್ಲಿ ಮಾನ್ಯತೆ ಪಡೆಯಬಹುದಿತ್ತು. ಇನ್ನೊಂದು ಬದಿಗೆ, ಈಗಿನ ತೆಲಂಗಾಣದ ಜಹೀರಾಬಾದ್ ಕಡೆಯ ಕಾರ್ಖಾನೆಗಳಲ್ಲಿ ಗುಪ್ತ ಮತದಾನ ರೂಢಿಯಲ್ಲಿತ್ತು. ಅಲ್ಲಿಯ ಸಿಂಗರೇಣಿ ಕಲ್ಲಿದ್ದಲು ಗಣಿಗಳಲ್ಲಂತೂ 1998ರಿಂದ ಕಾರ್ಮಿಕರು ಮತ ಹಾಕಿಯೇ ಮಾನ್ಯತೆಯ ಸಂಘವನ್ನು ಆರಿಸುತ್ತಿದ್ದರು. ಎರಡು ರಾಜ್ಯಗಳ ನಡುವಿನ ಬೀದರಿನ ಕಾರ್ಮಿಕನಿಗೆ ಈ ಎರಡೂ ಪದ್ಧತಿ ಗೊತ್ತಿದ್ದವು, ಏಕೆಂದರೆ ಅವನ ಸೋದರಮಾವ ಒಂದು ಕಡೆ ದುಡಿಯುತ್ತಿದ್ದರೆ ಭಾವ ಇನ್ನೊಂದು ಕಡೆ ದುಡಿಯುತ್ತಿದ್ದ. ಕರ್ನಾಟಕದಲ್ಲಿ ನಮ್ಮ ಕೈಯಲ್ಲಿದ್ದದ್ದು 1958ರ ಶಿಸ್ತು ಸಂಹಿತೆ ಮಾತ್ರ. ಅದು ಕಾಯ್ದೆಯಲ್ಲ, ಒಪ್ಪಿಕೊಂಡವರ ನಡುವಿನ ಕಟ್ಟಳೆ.

ಆ ಸಂಹಿತೆಯೊಂದಿಗೆ ಬಂದ ಮಾನದಂಡಗಳು ಸ್ಪಷ್ಟವಾಗಿದ್ದವು. ಒಂದಕ್ಕಿಂತ ಹೆಚ್ಚು ಸಂಘಗಳಿದ್ದಲ್ಲಿ ಮಾನ್ಯತೆ ಕೇಳುವ ಸಂಘ ನೋಂದಣಿಯ ನಂತರ ಕನಿಷ್ಠ ಒಂದು ವರ್ಷ ಕೆಲಸ ಮಾಡಿರಬೇಕು, ಕಾರ್ಖಾನೆಯ ಕಾರ್ಮಿಕರಲ್ಲಿ ಶೇ. 15ರಷ್ಟಾದರೂ ಅದರ ಸದಸ್ಯರಾಗಿರಬೇಕು, ಹಿಂದಿನ ಆರು ತಿಂಗಳಲ್ಲಿ ಕನಿಷ್ಠ ಮೂರು ತಿಂಗಳ ವಂತಿಗೆ ಕೊಟ್ಟವರನ್ನು ಮಾತ್ರ ಸದಸ್ಯರೆಂದು ಎಣಿಸಬೇಕು, ಅತಿ ಹೆಚ್ಚು ಸದಸ್ಯರಿರುವ ಸಂಘಕ್ಕೆ ಮಾನ್ಯತೆ ಕೊಡಬೇಕು, ಕೊಟ್ಟ ಮೇಲೆ ಎರಡು ವರ್ಷ ಅದನ್ನು ಕದಲಿಸಬಾರದು. ಇದರಂತೆ ಮೊದಲು ಸದಸ್ಯತ್ವದ ತಪಾಸಣೆಗೇ ಹೊರಟೆವು. ಕಾರ್ಮಿಕ ಅಧಿಕಾರಿಗಳ ಸಮ್ಮುಖದಲ್ಲಿ ಮೂರೂ ಸಂಘಗಳ ಸದಸ್ಯತ್ವ ಪುಸ್ತಕ, ರಸೀದಿಯ ಅರ್ಧಪ್ರತಿ, ನಗದು ಪುಸ್ತಕ, ಬ್ಯಾಂಕ್ ಪಾಸ್‌ಬುಕ್ ಎಲ್ಲವೂ ಮೇಜಿನ ಮೇಲೆ ಬಂದವು. ರಸೀದಿಗಳನ್ನು ಪ್ರತಿ ಕಾರ್ಮಿಕನಿಗೂ ಇರುವ ಟೋಕನ್ ನಂಬರಿನ ಪ್ರಕಾರ ಜೋಡಿಸುತ್ತ ಹೋದಂತೆ ಒಂದೇ ಟೋಕನ್ ಎರಡು ಪುಸ್ತಕಗಳಲ್ಲಿ, ಎಷ್ಟೋ ಕಡೆ ಮೂರರಲ್ಲೂ ಕಾಣತೊಡಗಿತು. ಪ್ಯಾಕಿಂಗ್ ವಿಭಾಗದ ಹಿರಿಯ ಕಾರ್ಮಿಕರೊಬ್ಬರನ್ನು ಕರೆದು ಕೇಳಿದಾಗ ಅವರು ಕೊಟ್ಟ ಉತ್ತರ ಇಡೀ ತಪಾಸಣೆಯ ಬಂಡವಾಳವನ್ನು ಬಯಲು ಮಾಡಿತು: "ಸಾಹೇಬ್ರ, ಒಬ್ಬಾಂವ ನಮ್ಮ ಊರಾಂವ, ಇನ್ನೊಬ್ಬಾಂವ ನಮ್ಮ ಮಷೀನ್ ಮ್ಯಾಗಿನಾಂವ, ಮೂರನೇದವ ನನ್ನ ಅಳಿಯಾನ ದೋಸ್ತ. ಎದುರಿಗಿ ಬಂದು ಪುಸ್ತಕ ಹಿಡದ್ರ ಒಲ್ಲೆ ಅನ್ಲಿಕ್ಕೆ ಆಗ್ತದೇನ್ರಿ? ಹತ್ತು ರೂಪಾಯಿ ಕೊಟ್ಟು ಸಹಿ ಮಾಡೀನಿ."

ಸಂಬಳದಿಂದಲೇ ವಂತಿಗೆ ಕಡಿತ ಮಾಡಿಸಿ ಎಣಿಸಬಹುದು ಎಂಬ ಸಲಹೆಯೂ ಬಂತು. ವೇತನ ಪಾವತಿ ಕಾಯ್ದೆಯಲ್ಲಿ ಕಾರ್ಮಿಕನ ಲಿಖಿತ ಒಪ್ಪಿಗೆಯ ಮೇಲೆ ಹಾಗೆ ಕಡಿತ ಮಾಡಲು ಅವಕಾಶವಿತ್ತು. ಆದರೆ ಆಗ ಯಾರು ಯಾವ ಸಂಘದವರೆಂಬುದು ಹಾಜರಿ ನೋಡುವ ಟೈಮ್ ಆಫೀಸಿನ ಗುಮಾಸ್ತನಿಂದ ಹಿಡಿದು ಎಲ್ಲರಿಗೂ ತಿಳಿಯುತ್ತದೆ. ಹಳೆಯ ಸಂಘಕ್ಕೆ ಅದರಿಂದ ಅನುಕೂಲ, ಹೊಸಬರಿಗೆ ಅಂಜಿಕೆ. ಕೊನೆಗೆ ಗುಪ್ತ ಮತದಾನವೊಂದೇ ಉಳಿಯಿತು. ಅದಕ್ಕೆ ಮೂರೂ ಸಂಘಗಳ ಒಪ್ಪಿಗೆ ಬೇಕಿತ್ತು, ಹಳೆಯ ಸಂಘಕ್ಕೆ ಒಪ್ಪಲು ಯಾವ ಕಾರಣವೂ ಇರಲಿಲ್ಲ.

ಅವರನ್ನು ಒಪ್ಪಿಸಿದ್ದು ಸೋತವರಿಗೆ ಏನು ಉಳಿಯುತ್ತದೆ ಎಂಬ ಲೆಕ್ಕ. ಮತದಾನಕ್ಕೆ ಮೊದಲೇ ಒಂದು ತಿಳಿವಳಿಕೆ ಪತ್ರ ಬರೆದುಕೊಂಡೆವು: ಗೆದ್ದ ಸಂಘ ಎರಡು ವರ್ಷ ವೇತನ ಮತ್ತು ಸಾಮಾನ್ಯ ಬೇಡಿಕೆಗಳ ಮಾತುಕತೆ ನಡೆಸುವುದು, ಸೋತ ಸಂಘಗಳು ತಮ್ಮ ಸದಸ್ಯರ ವೈಯಕ್ತಿಕ ಅಹವಾಲು, ಶಿಸ್ತು ವಿಚಾರಣೆಗಳಲ್ಲಿ ಪ್ರತಿನಿಧಿಸುವ ಹಕ್ಕನ್ನು ಉಳಿಸಿಕೊಳ್ಳುವುದು, ಅವರ ಫಲಕ ಗೇಟಿನ ಬಳಿ ಇರುವುದು, ಪದಾಧಿಕಾರಿಗಳನ್ನು ಈ ಕಾರಣಕ್ಕೆ ಬೇರೆ ವಿಭಾಗಕ್ಕೆ ಎತ್ತಿಹಾಕಬಾರದು. ಈ ಕೊನೆಯ ಷರತ್ತನ್ನು ಕೇಳಿದ್ದು ಹಳೆಯ ಸಂಘವೇ. ಸೋಲಿನ ಸಾಧ್ಯತೆಯನ್ನು ಅವರೂ ಕಂಡಿದ್ದರೆಂದು ಅಲ್ಲಿಗೆ ನನಗೆ ಖಚಿತವಾಯಿತು. ವಿಧಾನಕ್ಕೆ ಭಾರತ ಆಹಾರ ನಿಗಮದ ನೌಕರರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ ದಾಖಲಿಸಿದ ಕ್ರಮವನ್ನು ಆಧಾರವಾಗಿ ಇಟ್ಟುಕೊಂಡೆವು. ನೋಂದಣಿ ಊರ್ಜಿತದಲ್ಲಿದ್ದು ವಾರ್ಷಿಕ ವರದಿಗಳನ್ನು ಸಲ್ಲಿಸಿರುವ ಸಂಘಗಳಿಗೆ ಮಾತ್ರ ಸ್ಪರ್ಧೆ ಎಂಬ ನಿಯಮ ಓದಿದ ಕೂಡಲೇ ಸಂಘವೊಂದರ ಕಾರ್ಯದರ್ಶಿ ಬಾಕಿ ವರದಿ ಹಿಡಿದು ಕಲಬುರಗಿಗೆ ಬಸ್ಸು ಹತ್ತಿದರು.

ಮತದಾನ ಎಂದರೆ ಪೆಟ್ಟಿಗೆ, ಚೀಟಿ, ಎಣಿಕೆ ಎಂದು ಹೊರಗಿನವರು ಭಾವಿಸುತ್ತಾರೆ. ನನ್ನ ಅನುಭವದಲ್ಲಿ ನಿಜವಾದ ಚುನಾವಣೆ ನಡೆಯುವುದು ಮತದಾರರ ಪಟ್ಟಿಯಲ್ಲಿ. ಯಾರನ್ನು ಕಾರ್ಮಿಕನೆಂದು ಎಣಿಸುತ್ತೀರಿ ಎಂಬುದರ ಮೇಲೆ ಫಲಿತಾಂಶ ಅರ್ಧ ನಿರ್ಧಾರವಾಗಿರುತ್ತದೆ, ಮತ್ತು ಇದು ಮೂರೂ ಸಂಘಗಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಮೊದಲ ತೊಡಕು ಹೆಸರುಗಳದೇ. ನಮ್ಮ ಭಾಗದಲ್ಲಿ 'ಶರಣಪ್ಪ ತಂದೆ ಬಸಪ್ಪ' ಎಂದು ಕೂಗಿದರೆ ಒಂದೇ ಪಾಳಿಯಲ್ಲಿ ಇಬ್ಬರು ಮೂವರು ತಿರುಗಿ ನೋಡುತ್ತಾರೆ. ಮಸ್ಟರಿನಲ್ಲಿ ಒಂದು ಕಾಗುಣಿತ, ಪಿ.ಎಫ್. ದಾಖಲೆಯಲ್ಲಿ ಇನ್ನೊಂದು, ಆಧಾರಿನಲ್ಲಿ ಮತ್ತೊಂದು. ಆದ್ದರಿಂದ ಹೆಸರನ್ನು ಎರಡನೆಯ ಅಂಕಣಕ್ಕೆ ತಳ್ಳಿ, ಟೋಕನ್ ನಂಬರ್ ಮತ್ತು ಭಾವಚಿತ್ರವನ್ನು ಮೊದಲಿಗೆ ತಂದೆವು. ತರಬೇತಿದಾರರ ಪ್ರಶ್ನೆ ಇದಕ್ಕಿಂತ ಬಿಗಿಯಾಗಿತ್ತು. 1961ರ ಅಪ್ರೆಂಟಿಸ್ ಕಾಯ್ದೆಯಡಿ ಬಂದ ಹುಡುಗರು ಕಾನೂನಿನ ಪ್ರಕಾರ ಕಾರ್ಮಿಕರಲ್ಲ, ಅವರನ್ನು ಬಿಟ್ಟೆವು. ಆದರೆ ಆದೇಶಪತ್ರದಲ್ಲಿ 'ಟ್ರೈನಿ' ಎಂದಿದ್ದು, ವರ್ಷಗಟ್ಟಲೆ ಒಬ್ಬರೇ ಯಂತ್ರ ನಡೆಸುತ್ತ, ಸಂಬಳದಿಂದ ಪಿ.ಎಫ್. ಕಡಿತವಾಗುತ್ತಿದ್ದವರನ್ನು ಸೇರಿಸಲೇಬೇಕೆಂದು ನಾನು ಹಟ ಹಿಡಿದೆ. ಆಡಳಿತಕ್ಕೆ ಅದು ಇಷ್ಟವಿರಲಿಲ್ಲ, ಏಕೆಂದರೆ ಮತದಾರರ ಪಟ್ಟಿಯಲ್ಲಿ ಹೆಸರು ಬಂದರೆ ನಾಳೆ ಕಾಯಮಾತಿ ಕೇಳಲು ಅದೇ ದಾಖಲೆಯಾಗುತ್ತದೆ. ಈ ಪಟ್ಟಿ ಮಾನ್ಯತೆಯ ಮತದಾನಕ್ಕೆ ಮಾತ್ರ ಎಂಬ ಒಂದು ಸಾಲನ್ನು ತಲೆಬರಹದಲ್ಲಿ ಸೇರಿಸಿದ ಮೇಲೆ ಒಪ್ಪಿದರು. ಹುದ್ದೆಯ ಹೆಸರು ಸೂಪರ್‌ವೈಸರ್ ಎಂದಿದ್ದವರ ವಿಷಯದಲ್ಲಿ ಹೆಸರನ್ನು ನೋಡದೆ ಕೆಲಸವನ್ನು ನೋಡಿದೆವು: ರಜೆ ಮಂಜೂರು ಮಾಡುವ, ಮೆಮೊ ಕೊಡುವ ಅಧಿಕಾರ ಇರುವವರು ಹೊರಗೆ, ಕೈಯಲ್ಲಿ ಪಾನಾ ಹಿಡಿದು ದುಡಿಯುವವರು ಒಳಗೆ.

ಅಮಾನತಿನಲ್ಲಿದ್ದವರು ಕೆಲಸ ಕಳೆದುಕೊಂಡವರಲ್ಲ, ಹಾಗಾಗಿ ಅವರಿಗೆ ಮತವಿತ್ತು. ಆದರೆ ಕಾರ್ಖಾನೆಯ ಸೇವಾ ನಿಯಮಗಳಾದ ಸ್ಥಾಯಿ ಆದೇಶಗಳ ಪ್ರಕಾರ ಅವರು ಗೇಟಿನ ಒಳಗೆ ಬರುವಂತಿರಲಿಲ್ಲ. ಗೇಟಿಗೆ ಅಂಟಿಕೊಂಡ ಟೈಮ್ ಆಫೀಸಿನ ಕಿಟಕಿಯ ಬಳಿ ಅವರಿಗಾಗಿ ಪ್ರತ್ಯೇಕ ಮೇಜು ಹಾಕಿಸಿದೆವು. ವಜಾ ಆಗಿ, ಕಾರ್ಮಿಕ ನ್ಯಾಯಾಲಯದಲ್ಲಿ ವಿವಾದ ಬಾಕಿ ಇದ್ದವರ ಬಗ್ಗೆ ಮಾತ್ರ ಯಾರೂ ಯಾರಿಗೂ ಸೋಲಲಿಲ್ಲ. ಎರಡನೆಯ ಸಂಘದ ಮುಂದಾಳುಗಳಲ್ಲಿ ಕೆಲವರು ಅದೇ ಗುಂಪಿನವರು. ಕೊನೆಗೆ ಅವರು ಮತ ಹಾಕಲಿ, ಆ ಚೀಟಿಗಳನ್ನು ಬೇರೆ ಲಕೋಟೆಯಲ್ಲಿ ಮೊಹರು ಮಾಡಿ ಇಡೋಣ, ಗೆಲುವಿನ ಅಂತರ ಆ ಲಕೋಟೆಯ ಚೀಟಿಗಳಿಗಿಂತ ಕಡಿಮೆ ಬಂದರೆ ಮಾತ್ರ ಅವುಗಳ ಸಿಂಧುತ್ವದ ಚರ್ಚೆ ಮಾಡೋಣ ಎಂದು ಸೂಚಿಸಿದೆ. ಎಲ್ಲರೂ ಒಪ್ಪಿದರು. ಆ ಲಕೋಟೆಯನ್ನು ಒಡೆಯುವ ಪ್ರಸಂಗ ಬರಲಿಲ್ಲ, ಆದರೆ ಅದು ಇಲ್ಲದಿದ್ದರೆ ಮತದಾನವೇ ನಡೆಯುತ್ತಿರಲಿಲ್ಲ.

ಗುತ್ತಿಗೆ ಕಾರ್ಮಿಕರನ್ನು ಪಟ್ಟಿಯಿಂದ ಹೊರಗಿಟ್ಟೆವು. ಕಾಗದದ ಮೇಲೆ ಅವರ ಮಾಲೀಕ ಗುತ್ತಿಗೆದಾರ, ಅವರ ಮಸ್ಟರ್ ಬೇರೆ. ಇದಕ್ಕೆ ಮೂರು ಸಂಘಗಳೂ ಆಶ್ಚರ್ಯವೆನ್ನುವಷ್ಟು ಬೇಗ ತಲೆಯಾಡಿಸಿದವು. ಲೋಡಿಂಗ್ ಅಂಗಳದಲ್ಲಿ ಅದೇ ಚೀಲಗಳನ್ನು ಹೊರುವವರಿಗೆ ಈ ಮತದಾನ ಬೇರೆಯವರ ಮನೆಯ ಮದುವೆಯಾಗಿತ್ತು.

ಚಿಹ್ನೆಗಳ ವಿಷಯ ಬೇಗ ಮುಗಿಯಿತು. ಬಾವುಟ ಬೇಡ, ರಾಜಕೀಯ ಪಕ್ಷಗಳ ಚಿಹ್ನೆಯನ್ನು ಹೋಲುವುದು ಬೇಡ ಎಂದು ನಿರ್ಧರಿಸಿ ಚೀಟಿ ಎತ್ತಿ ಕೊಡೆ, ಗರಗಸ, ತಕ್ಕಡಿ ಹಂಚಿದೆವು. ಸೂಚನಾ ಪತ್ರ ಕನ್ನಡದಲ್ಲಿದ್ದರೂ ಮರಾಠಿ, ಉರ್ದು, ತೆಲುಗು ಮನೆಮಾತಿನವರು ಬಹಳವಿದ್ದುದರಿಂದ ಪ್ರತಿ ಪಾಳಿಯ ಆರಂಭದಲ್ಲಿ ಅದನ್ನು ಆಯಾ ಭಾಷೆಯಲ್ಲಿ ಓದಿ ಹೇಳಿಸಿದೆವು.

ಮತದಾನ ಕ್ಯಾಂಟೀನಿನಲ್ಲಿ. ರಾತ್ರಿ ಪಾಳಿಯವರು ಮನೆಗೆ ಹೋಗುವ ಮೊದಲು ಹಾಕಲೆಂದು ಬೆಳಗಿನ ಪಾಳಿಗೂ ಮುಂಚೆ ಆರಂಭಿಸಿ, ಎರಡನೆಯ ಪಾಳಿ ಒಳಬಂದು ಎಲ್ಲರೂ ಹಾಕುವ ತನಕ ತೆರೆದಿಟ್ಟೆವು. ಚುನಾವಣಾಧಿಕಾರಿ ಕಾರ್ಮಿಕ ಇಲಾಖೆಯವರು. ಪಟ್ಟಿಯನ್ನು ಅವರ ಕೈಗೆ ಕೊಟ್ಟ ಮೇಲೆ ನಾನೂ ಸೇರಿದಂತೆ ಆಡಳಿತದ ಕಡೆಯ ಯಾರೂ ಕ್ಯಾಂಟೀನಿನ ಕಡೆ ಕಾಲಿಡಬಾರದೆಂದು ನಾನೇ ಬರೆಸಿದ್ದೆ. ಒಳಗೆ ಪ್ರತಿ ಸಂಘದ ಏಜೆಂಟರು ಟೋಕನ್ ಮತ್ತು ಮುಖ ಹೋಲಿಸಿ ನೋಡುತ್ತಿದ್ದರು. ಸಂಜೆ ಎಣಿಕೆಗೆ ಮೊದಲು ಕ್ಯಾಂಟೀನಿನ ಪೆಟ್ಟಿಗೆ ಮತ್ತು ಗೇಟಿನ ಪೆಟ್ಟಿಗೆಯ ಚೀಟಿಗಳನ್ನು ಬೆರೆಸಿದರು, ಅಮಾನತಿನವರು ಯಾರಿಗೆ ಹಾಕಿದರೆಂದು ತಿಳಿಯಬಾರದೆಂದು.

ಗೆದ್ದದ್ದು ಎರಡನೆಯ ಸಂಘ. ಆದರೆ ಅದಕ್ಕೆ ಬಂದದ್ದು ಒಟ್ಟು ಮತಗಳ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಶಿಸ್ತು ಸಂಹಿತೆಯ ಅಳತೆಯಲ್ಲಿ ಅಷ್ಟು ಸಾಕಾಗಿತ್ತು. ಇಂದು ಇದೇ ಫಲಿತಾಂಶ ಬಂದರೆ ಲೆಕ್ಕ ಬೇರೆಯಾಗುತ್ತದೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ 14ನೆಯ ಕಲಮಿನಂತೆ, ಹಾಜರಿ ಪಟ್ಟಿಯಲ್ಲಿರುವ ಕಾರ್ಮಿಕರಲ್ಲಿ ಶೇ. 51ರಷ್ಟಾದರೂ ಬೆಂಬಲವಿದ್ದರೆ ಮಾತ್ರ ಒಂದು ಸಂಘ ಏಕೈಕ ಸಂಧಾನ ಸಂಘವಾಗುತ್ತದೆ, ಇಲ್ಲವಾದರೆ ಶೇ. 20ಕ್ಕೆ ಕಡಿಮೆಯಿಲ್ಲದ ಬೆಂಬಲವಿರುವ ಸಂಘಗಳಿಂದ, ಪ್ರತಿ ಶೇ. 20ಕ್ಕೆ ಒಬ್ಬ ಪ್ರತಿನಿಧಿಯಂತೆ ಸಂಧಾನ ಮಂಡಳಿ ರಚನೆಯಾಗುತ್ತದೆ. ಮಾನ್ಯತೆಯ ಅವಧಿ ಮೂರು ವರ್ಷ, ಒಟ್ಟು ಐದು ವರ್ಷ ಮೀರದಂತೆ ಅದನ್ನು ವಿಸ್ತರಿಸಬಹುದು. ಶೇಕಡಾವಾರು ಲೆಕ್ಕ ಹಾಕುವುದು ಹಾಜರಾಗಿ ಮತ ಹಾಕಿದವರ ಮೇಲಲ್ಲ, ಪಟ್ಟಿಯಲ್ಲಿರುವವರ ಮೇಲೆ. ಆದ್ದರಿಂದ ಪಟ್ಟಿಯಲ್ಲಿ ಹಾಗೇ ಉಳಿದುಕೊಂಡ, ಕೆಲಸ ಬಿಟ್ಟುಹೋದವರ ಹೆಸರುಗಳೂ ಈಗ ಒಂದು ಸಂಘವನ್ನು ಶೇ. 51ರಿಂದ ಕೆಳಗಿಳಿಸಬಲ್ಲವು.

ವೇತನ ಒಪ್ಪಂದ ಕೆಲವು ತಿಂಗಳ ಮಾತುಕತೆಯ ನಂತರ 12(3)ರಡಿ ಸಹಿಯಾಯಿತು. ಸಹಿಗೆ ಹೋಗುವ ಮೊದಲು ಗೆದ್ದ ಸಂಘದ ಅಧ್ಯಕ್ಷರು ಕರಡನ್ನು ಉಳಿದ ಎರಡೂ ಸಂಘಗಳಿಗೆ ಓದಲು ಕೊಟ್ಟರು. ಅದು ತಿಳಿವಳಿಕೆ ಪತ್ರದಲ್ಲಿ ಇರಲಿಲ್ಲ, ಅವರದೇ ಜಾಣತನ. ಹಳೆಯ ಸಂಘ ಬಾಯಿಂದ ಒಪ್ಪಲಿಲ್ಲ, ಕೆಲಸವನ್ನೂ ನಿಲ್ಲಿಸಲಿಲ್ಲ. ಮತದಾರರ ಪಟ್ಟಿಯನ್ನು ಕಪಾಟಿಗೆ ಸೇರಿಸದೆ, ಸೇರಿದವರು, ಬಿಟ್ಟವರು, ನಿವೃತ್ತರಾದವರು, ಟ್ರೈನಿಯಿಂದ ಕಾಯಂ ಆದವರು ಎಂದು ಮೂರು ತಿಂಗಳಿಗೊಮ್ಮೆ ತಿದ್ದಿ, ಮೂರೂ ಸಂಘಗಳ ಕಾರ್ಯದರ್ಶಿಗಳಿಗೆ ಸಹಿ ಪಡೆದು ಪ್ರತಿ ಕೊಡುವ ಪದ್ಧತಿಯನ್ನು ನಾನು ಆ ಹುದ್ದೆ ಬಿಡುವವರೆಗೂ ನಡೆಸಿದೆ. ಎರಡು ವರ್ಷ ತುಂಬಿ ಹಳೆಯ ಸಂಘ ಮತ್ತೆ ಮತದಾನ ಕೇಳಿದಾಗ, ಮೊದಲ ಸಭೆಯಲ್ಲಿ ಪಟ್ಟಿಯ ಬಗ್ಗೆ ಬಂದ ಆಕ್ಷೇಪಗಳು ಒಂದು ಹಾಳೆಯ ಒಂದು ಮಗ್ಗುಲಿನಲ್ಲಿ ಹಿಡಿದವು.