ಮಿಸ್ಸಿಂಗ್ ಹೊಡೆಯುವ ಹಳೆಯ ಗೂಡ್ಸ್ ಗಾಡಿ: ಆಕ್ಸಿಜನ್ ಸೆನ್ಸರ್ ಬದಲಿಸುವ ಮೊದಲು ಮಾಡಬೇಕಾದ ಪರೀಕ್ಷೆ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಂದ ಚಿತ್ರದುರ್ಗದ ಕಡೆಗೆ ಮಾಲು ಸಾಗಿಸುವ ನಮ್ಮ ನೆರೆಮನೆಯವರ ಗೂಡ್ಸ್ ಗಾಡಿಗೆ ಒಂದೇ ತಿಂಗಳಲ್ಲಿ ಎರಡು ಬಾರಿ ಆಕ್ಸಿಜನ್ ಸೆನ್ಸರ್ ಬದಲಾಯಿಸಲಾಯಿತು. ಎರಡೂ ಬಾರಿ ಚೆಕ್ ಎಂಜಿನ್ ದೀಪ ನಾಲ್ಕೈದು ದಿನ ಆರಿದ್ದು ಮತ್ತೆ ಹೊತ್ತಿಕೊಂಡಿತು. ಕೊನೆಗೆ ದೋಷ ಸಿಕ್ಕಿದ್ದು ಎರಡನೆಯ ಸಿಲಿಂಡರಿನ ಇಗ್ನಿಷನ್ ಕಾಯಿಲ್‌ನಲ್ಲಿ, ಅಂದರೆ ಪ್ಲಗ್‌ಗೆ ಕಿಡಿಯ ವೋಲ್ಟೇಜ್ ಕೊಡುವ ಭಾಗದಲ್ಲಿ. ಸೆನ್ಸರ್ ಮೊದಲಿನಿಂದಲೂ ಸರಿಯಾಗಿಯೇ ಇತ್ತು. ಇದೇ ತಪ್ಪು ಹಲವು ಗಾಡಿಗಳಲ್ಲಿ ನಡೆದದ್ದನ್ನು ಕಂಡಿರುವುದರಿಂದ ಪರೀಕ್ಷೆಯ ಕ್ರಮವನ್ನು ಇಲ್ಲಿ ವಿವರಿಸುತ್ತಿದ್ದೇನೆ. ಇದು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇರುವ ಪೆಟ್ರೋಲ್ ಮತ್ತು ಸಿಎನ್‌ಜಿ ಗಾಡಿಗಳಿಗೆ ಮಾತ್ರ ಅನ್ವಯಿಸುತ್ತದೆ. ಹೆದ್ದಾರಿಯಲ್ಲಿ ಓಡುವ ಹಳೆಯ ಡೀಸೆಲ್ ಲಾರಿಗಳಲ್ಲಿ ಈ ಸೆನ್ಸರ್ ಇರುವುದಿಲ್ಲ.

ಮೊದಲು ಒಂದು ವಿಷಯ ಮನದಟ್ಟಾಗಬೇಕು. ಈ ಸೆನ್ಸರ್ ಪೆಟ್ರೋಲನ್ನು ಅಳೆಯುವುದಿಲ್ಲ, ಹೊಗೆಯಲ್ಲಿ ಉಳಿದಿರುವ ಆಮ್ಲಜನಕವನ್ನು ಅಳೆಯುತ್ತದೆ. ಒಂದು ಸಿಲಿಂಡರಿನಲ್ಲಿ ಕಿಡಿ ಹೊತ್ತದಿದ್ದರೆ (ಇದನ್ನೇ ಮಿಸ್ಸಿಂಗ್ ಎನ್ನುವುದು) ಅದು ಎಳೆದುಕೊಂಡ ಗಾಳಿಯೂ ಇಂಧನವೂ ಸುಡದೆ ಸೈಲೆನ್ಸರ್ ಕೊಳವೆಗೆ ಬರುತ್ತವೆ. ಸೆನ್ಸರ್ ಆ ಗಾಳಿಯ ಆಮ್ಲಜನಕವನ್ನು ಕಂಡು ಇಂಧನ ಸಾಲದೆಂದು ತಿಳಿಸುತ್ತದೆ, ಇಸಿಯು ಅದನ್ನು ನಂಬಿ ಎಲ್ಲ ಸಿಲಿಂಡರುಗಳಿಗೂ ಹೆಚ್ಚು ಇಂಧನ ಸುರಿಯುತ್ತದೆ, ಅದರಿಂದ ಚೆನ್ನಾಗಿದ್ದ ಪ್ಲಗ್‌ಗಳೂ ಮಸಿ ಹಿಡಿಯುತ್ತವೆ. ಆದ್ದರಿಂದ ಮಿಸ್ಸಿಂಗ್ ಮತ್ತು ಸೆನ್ಸರ್ ಕೋಡ್ (ಇಸಿಯು ದಾಖಲಿಸುವ ದೋಷದ ಸಂಕೇತ) ಎರಡೂ ಒಟ್ಟಿಗೆ ಬಂದಾಗ ಮೊದಲು ಮಿಸ್ಸಿಂಗನ್ನೇ ಸರಿಪಡಿಸಬೇಕು.

ಇಸಿಯುವಿನ ಮಾಹಿತಿ ಓದುವ ಸ್ಕ್ಯಾನರ್ ಜೋಡಿಸಿ ಕೋಡ್‌ಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಬರೆದುಕೊಳ್ಳುವ ಮೊದಲು ಅಳಿಸಬೇಡಿ. ಪಿ0301ರಿಂದ ಪಿ0304ರವರೆಗಿನ ಕೋಡ್‌ಗಳ ಕೊನೆಯ ಅಂಕಿ ದೋಷವಿರುವ ಸಿಲಿಂಡರನ್ನು ಸೂಚಿಸುತ್ತದೆ. ಪಿ0300 ಬಂದರೆ ಮಿಸ್ಸಿಂಗ್ ಒಂದಕ್ಕಿಂತ ಹೆಚ್ಚು ಸಿಲಿಂಡರುಗಳಲ್ಲಿದೆ ಅಥವಾ ಯಾವುದೆಂದು ಇಸಿಯುವಿಗೆ ಗೊತ್ತಾಗಿಲ್ಲ ಎಂದರ್ಥ. ದೀಪ ಬರಿದೆ ಹೊತ್ತಿರದೆ ಮಿಣುಕುತ್ತಿದ್ದರೆ ಗಾಡಿಯನ್ನು ಓಡಿಸಬೇಡಿ, ಏಕೆಂದರೆ ಸುಡದ ಇಂಧನ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿದು ಅದನ್ನೇ ಕರಗಿಸಬಲ್ಲದು.

ಕೋಡ್ ಸ್ಪಷ್ಟವಾಗಿರದಿದ್ದರೆ ಎಂಜಿನ್ ಐಡ್ಲಿಂಗಿನಲ್ಲಿರುವಾಗ ಇಂಧನ ಸಿಂಪಡಿಸುವ ಇಂಜೆಕ್ಟರುಗಳ ಕನೆಕ್ಟರ್‌ಗಳನ್ನು ಒಂದೊಂದಾಗಿ ಕೆಲವೇ ಸೆಕೆಂಡು ಬಿಡಿಸಿ ನೋಡಿ. ಆರೋಗ್ಯವಾಗಿರುವ ಸಿಲಿಂಡರಿನದು ಬಿಡಿಸಿದಾಗ ಎಂಜಿನ್ ಕುಗ್ಗುತ್ತದೆ. ಸತ್ತಿರುವ ಸಿಲಿಂಡರಿನದು ಬಿಡಿಸಿದರೆ ಯಾವ ಬದಲಾವಣೆಯೂ ಆಗುವುದಿಲ್ಲ. ಓಡುತ್ತಿರುವ ಎಂಜಿನ್ನಿನ ಪ್ಲಗ್ ವೈರನ್ನೇ ಕಿತ್ತು ನೋಡುವ ಹಳೆಯ ರೂಢಿಯನ್ನು ಬಿಡಬೇಕು. ಅದರಿಂದ ಕೈಗೆ ಶಾಕ್ ಹೊಡೆಯುವುದಲ್ಲದೆ ಕಾಯಿಲೂ ಸುಟ್ಟುಹೋಗಬಹುದು. ಬಳಿಕ ಎಂಜಿನ್ ಆರಿಸಿ, ಆ ಸಿಲಿಂಡರಿನ ಕಾಯಿಲನ್ನು ಪಕ್ಕದ್ದಕ್ಕೆ ಅದಲುಬದಲು ಮಾಡಿ, ಕೋಡ್ ಅಳಿಸಿ, ಮಾಲು ತುಂಬಿಕೊಂಡು ಏರಿನಲ್ಲಿ ಓಡಿಸಿ. ಕೋಡ್ ಕಾಯಿಲಿನ ಹಿಂದೆಯೇ ಹೋದರೆ ದೋಷ ಕಾಯಿಲಿನದು. ಹೋಗದಿದ್ದರೆ ಪ್ಲಗ್, ನಂತರ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್ (ಸಿಲಿಂಡರ್ ಗಾಳಿಯನ್ನು ಒತ್ತಿ ಹಿಡಿಯುವ ಶಕ್ತಿ) ನೋಡಬೇಕು. ಖಾಲಿ ಗಾಡಿಯಲ್ಲಿ ಈ ಪರೀಕ್ಷೆ ಮಾಡಿದರೆ ಪ್ರಯೋಜನವಿಲ್ಲ, ಏಕೆಂದರೆ ಭಾರ ಹೆಚ್ಚಿದಷ್ಟೂ ಸಿಲಿಂಡರಿನ ಒತ್ತಡ ಹೆಚ್ಚಿ ಕಿಡಿ ಹಾರಲು ಹೆಚ್ಚಿನ ವೋಲ್ಟೇಜ್ ಬೇಕಾಗುತ್ತದೆ. ಸಿಎನ್‌ಜಿಗೂ ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು. ಆದ್ದರಿಂದ ಪೆಟ್ರೋಲಿನಲ್ಲಿ ಸರಿಯಾಗಿ ಓಡಿ ಗ್ಯಾಸಿನಲ್ಲಿ ಮಾತ್ರ ಮಿಸ್ಸಿಂಗ್ ಹೊಡೆಯುವ ಗಾಡಿಯಲ್ಲಿ ಗ್ಯಾಸ್ ಕಿಟ್ ಬಿಚ್ಚುವ ಮೊದಲು ಪ್ಲಗ್ ಮತ್ತು ಕಾಯಿಲ್‌ಗಳನ್ನು ನೋಡಬೇಕು. ಪ್ಲಗ್‌ಗಳನ್ನು ಕಂಪನಿಯ ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ. ನಕಲಿ ಪ್ಲಗ್‌ಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿವೆ, ಉಳಿಸಿದ ಹಣ ಒಂದು ಟ್ರಿಪ್ ಕೆಟ್ಟರೆ ಹೋಗುತ್ತದೆ. ಮೆಕ್ಕೆಜೋಳದ ಗೋದಾಮುಗಳ ಬಳಿ ರಾತ್ರಿ ನಿಲ್ಲುವ ಗಾಡಿಗಳಲ್ಲಿ ಇಲಿ ಕಡಿದ ವೈರ್‌ಗಳನ್ನೂ ತಪ್ಪದೆ ಹುಡುಕಬೇಕು.

ಮಿಸ್ಸಿಂಗ್ ನಿಂತ ಮೇಲೂ ಸೆನ್ಸರ್ ಕೋಡ್ ಉಳಿದರೆ ಮಾತ್ರ ಸೆನ್ಸರಿನ ವಿಚಾರಣೆ. ಹೆಚ್ಚಿನವರು ಎಡವುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ಮಾಡಿ. ಪಿ0135 ಸೆನ್ಸರಿನೊಳಗಿನ ಹೀಟರ್‌ಗೆ ಸಂಬಂಧಿಸಿದ್ದು: ಮೊದಲು ಫ್ಯೂಸ್ ನೋಡಿ, ನಂತರ ಕನೆಕ್ಟರ್ ಬಿಡಿಸಿ ಒಂದೇ ಬಣ್ಣದ ಎರಡು ವೈರ್‌ಗಳ ನಡುವೆ ಮಲ್ಟಿಮೀಟರ್ ಇಡಿ. ಕೆಲವು ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಹೀಟರ್ ತುಂಡಾಗಿದೆ, ಸೆನ್ಸರ್ ಬದಲಿಸಲೇಬೇಕು. ಪಿ0171 ಬೇರೆಯೇ ಮಾತು. ಮಿಶ್ರಣದಲ್ಲಿ ಇಂಧನ ಕಡಿಮೆಯಿದೆ ಎಂದಷ್ಟೇ ಅದು ಹೇಳುತ್ತದೆ, ಸೆನ್ಸರ್ ಕೆಟ್ಟಿದೆ ಎಂದಲ್ಲ.

ಸಾಮಾನ್ಯ ಜಿರ್ಕೋನಿಯಾ ಬಗೆಯ ಆಕ್ಸಿಜನ್ ಸೆನ್ಸರ್ 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕೆಲಸ ಮಾಡುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಬಳಿಕ ಸ್ಕ್ಯಾನರಿನಲ್ಲಿ ಅದರ ವೋಲ್ಟೇಜ್ ನೋಡಿದರೆ ಸುಮಾರು 0.1ರಿಂದ 0.9 ವೋಲ್ಟ್‌ಗಳ ನಡುವೆ ನಿಲ್ಲದೆ ಏರಿಳಿಯುತ್ತಿರಬೇಕು. ಈಗ ಆಕ್ಸಿಲರೇಟರನ್ನು ಒಮ್ಮೆಲೇ ಒತ್ತಿ: ವೋಲ್ಟೇಜ್ 0.8ರ ಮೇಲೆ ಹಾರಬೇಕು. ಕಾಲು ತೆಗೆಯಿರಿ: ಇಸಿಯು ಇಂಧನ ನಿಲ್ಲಿಸಿದ್ದರಿಂದ 0.1ರ ಹತ್ತಿರಕ್ಕೆ ಕುಸಿಯಬೇಕು. ಎರಡೂ ಕಡೆಗೆ ಚುರುಕಾಗಿ ಓಡುವ ಸೆನ್ಸರ್ ಆರೋಗ್ಯವಾಗಿದೆ, ಹೀಟರ್ ಕೂಡ ಸರಿಯಿದ್ದರೆ ಕೋಡ್ ಏನೇ ಹೇಳಿದರೂ ಅದನ್ನು ಬಿಚ್ಚಬೇಡಿ. ಆಮೆಯಂತೆ ತೆವಳಿದರೆ ಅಥವಾ ಒಂದೇ ಕಡೆ ಅಂಟಿಕೊಂಡರೆ ಅದರ ಮೇಲೆ ಸಂಶಯಪಡಬಹುದು. ಇದರ ಬದಲು ಏರ್–ಫ್ಯೂಯೆಲ್ ಸೆನ್ಸರ್ ಎಂಬ ಬೇರೆ ಬಗೆಯದು ಇರುವ ಗಾಡಿಗಳಿಗೆ ಈ ಅಂಕಿಗಳು ಹೊಂದುವುದಿಲ್ಲ.

ಸೆನ್ಸರ್ ಸರಿಯಿದ್ದೂ ಇಂಧನ ಕಡಿಮೆ ಎಂಬ ದೂರು ಬರುತ್ತಿದ್ದರೆ ಸ್ಕ್ಯಾನರಿನಲ್ಲಿ ಫ್ಯೂಯೆಲ್ ಟ್ರಿಮ್, ಅಂದರೆ ಇಸಿಯು ಇಂಧನವನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬುದನ್ನು ನೋಡಿ. ಐಡ್ಲಿಂಗಿನಲ್ಲಿ ಅದು ಪ್ಲಸ್ ಹತ್ತಕ್ಕಿಂತ ಹೆಚ್ಚಿದ್ದು 2,500 ಆರ್‌ಪಿಎಂನಲ್ಲಿ ಇಳಿದರೆ ಇನ್‌ಟೇಕ್ ಕಡೆ ಎಲ್ಲೋ ಗಾಳಿ ಸೋರುತ್ತಿದೆ; ಭಾರದಲ್ಲಿ ಇನ್ನೂ ಏರಿದರೆ ಫ್ಯೂಯೆಲ್ ಪಂಪ್ ಅಥವಾ ಫಿಲ್ಟರ್ ಇಂಧನ ಸಾಕಷ್ಟು ಕೊಡುತ್ತಿಲ್ಲ. ಸೆನ್ಸರಿಗಿಂತ ಮುಂಚೆ ಸೈಲೆನ್ಸರ್ ಗ್ಯಾಸ್ಕೆಟ್ ಒಡೆದಿದ್ದರೂ ಹೊರಗಾಳಿ ಒಳಗೆ ಬಂದು ಇದೇ ಸುಳ್ಳು ದೂರು ಹುಟ್ಟಿಸುತ್ತದೆ. ಜೋಡಣೆಗಳ ಸುತ್ತ ಮಸಿಯ ಗೆರೆಯಿದ್ದರೆ ಅದೇ ಕಾರಣ.

ಸೆನ್ಸರ್ ಬದಲಿಸುವುದು ಖಚಿತವಾದರೆ ಎಂಜಿನ್ ಇನ್ನೂ ಬೆಚ್ಚಗಿರುವಾಗ ವೈರ್ ಹಾಯಲು ಸೀಳು ಬಿಟ್ಟಿರುವ 22 ಎಂಎಂ ಸಾಕೆಟ್‌ನಿಂದ ಬಿಚ್ಚಿ, ನಿಮ್ಮ ಗಾಡಿಯ ಪಾರ್ಟ್ ನಂಬರಿನದನ್ನೇ ಹಾಕಿ. ವೈರ್ ಕತ್ತರಿಸಿ ಜೋಡಿಸುವ ಯೂನಿವರ್ಸಲ್ ಸೆನ್ಸರುಗಳನ್ನು ನಾನು ಒಪ್ಪುವುದಿಲ್ಲ. ಹಳೆಯದರ ತುದಿಯಲ್ಲಿ ಬಿಳಿ ಪುಡಿ ಕಂಡರೆ ಅದು ಸಿಲಿಕೋನ್ ಸೀಲಂಟ್ ಅಥವಾ ಸೋರುವ ಕೂಲೆಂಟಿನ ಗುರುತು. ಅದನ್ನು ಸರಿಪಡಿಸದೆ ಹೊಸದನ್ನು ಹಾಕಿದರೆ ಅದೂ ಸಾಯುತ್ತದೆ. ನಂತರ ಕೋಡ್ ಅಳಿಸಿ, ಚಿತ್ರದುರ್ಗದವರೆಗೆ ಮಾಲಿನೊಂದಿಗೆ ಒಂದು ಸುತ್ತು ಹೋಗಿಬಂದು ಲಾಂಗ್ ಟರ್ಮ್ ಟ್ರಿಮ್ (ಇಸಿಯು ದೀರ್ಘಕಾಲಕ್ಕೆ ಕಲಿತುಕೊಂಡ ಫ್ಯೂಯೆಲ್ ಟ್ರಿಮ್) ಪ್ಲಸ್ ಅಥವಾ ಮೈನಸ್ ಐದರೊಳಗೆ ಬಂದು ನಿಂತಿದೆಯೇ ನೋಡಿ.