ಬೋಲ್ಟಿಗೆ ಕ್ರೋಮ್ ಬೇಡ, ಜಿಂಕ್ ಹಾಕಿ

ಮಲ್ಪೆ, ಪಣಂಬೂರಿನ ಉಪ್ಪುಗಾಳಿಗೆ ಬೈಕಿನ ಬೋಲ್ಟು, ಗೇಟಿನ ಕೊಂಡಿ ಬೇಗನೆ ತುಕ್ಕು ಹಿಡಿಯುತ್ತವೆ. ಹಾಗೆಂದು ಮನೆಯಲ್ಲಿ ಕ್ರೋಮ್ ಪ್ಲೇಟಿಂಗ್‌ಗೆ ಕೈ ಹಾಕಬೇಡಿ. ಕ್ರೋಮಿಕ್ ಆಮ್ಲದ ಹಬೆ ಕ್ಯಾನ್ಸರ್ ತರುವಂಥದ್ದು. ಜಿಂಕ್ ಪದರವಾದರೆ ಗೀರು ಬಿದ್ದರೂ ತಾನೇ ಮೊದಲು ಸವೆದು ಕಬ್ಬಿಣವನ್ನು ಕಾಯುತ್ತದೆ. ಕ್ರೋಮ್ ಸ್ಪ್ರೇ ಎಂದು ಡಬ್ಬಿಯಲ್ಲಿ ಮಾರುವುದು ಬರೀ ಬಣ್ಣ, ದುಡ್ಡು ದಂಡ.

ಜಿಂಕ್ ಕೂರಿಸುವ ದ್ರಾವಣಕ್ಕೆ 1 ಲೀಟರ್ ಬಿಳಿ ವಿನೆಗರ್, 100 ಗ್ರಾಂ ಜಿಂಕ್ ಸಲ್ಫೇಟ್, 100 ಗ್ರಾಂ ಎಪ್ಸಮ್ ಸಾಲ್ಟ್. ಅಡುಗೆಯ ಕಳ್ಳಿನ ವಿನೆಗರ್ ಬೇಡ. ಜಿಂಕ್ ಸಲ್ಫೇಟ್ ಗೊಬ್ಬರದಂಗಡಿಯಲ್ಲೇ ಸಿಗುತ್ತದೆ. ಶೇ 21 ಜಿಂಕ್ ಇರುವುದನ್ನು ಕೇಳಿ, ಚಿಲೇಟೆಡ್ ಎಂದು ಬರೆದದ್ದು ಕೊಟ್ಟರೆ ವಾಪಸ್ ಮಾಡಿ. ಕರಗಿಸಿ ಬಟ್ಟೆಯಲ್ಲಿ ಸೋಸಿ.

ಕೆಲಸ ಕೆಡುವುದು ತೊಳೆಯುವಲ್ಲಿ. ಪೆಟ್ರೋಲಿನಲ್ಲಿ ಒರೆಸಿದರೆ ಸಾಕು ಎನ್ನುವವರಿದ್ದಾರೆ. ಸಾಲದು, ಎಣ್ಣೆಯ ತೆಳು ಪದರ ಉಳಿದೇ ಉಳಿಯುತ್ತದೆ. ಲೀಟರ್ ಬಿಸಿನೀರಿಗೆ 50 ಗ್ರಾಂ ವಾಷಿಂಗ್ ಸೋಡಾ ಹಾಕಿ, ಹಳೆ ಟೂತ್‌ಬ್ರಷ್‌ನಿಂದ ಬೋಲ್ಟಿನ ಮರೆಯ (ಥ್ರೆಡ್‌ನ) ಸಂದುಸಂದನ್ನೂ ಉಜ್ಜಿ. ಜಿಡ್ಡು ಹೋದ ಮೇಲೆ ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿ, ತಂತಿ ಬ್ರಷ್‌ನಿಂದ ತುಕ್ಕು ತೆಗೆಯಿರಿ. ಮತ್ತೊಮ್ಮೆ ಸೋಡಾದಲ್ಲಿ ತೊಳೆದು ಡಿಸ್ಟಿಲ್ಡ್ ವಾಟರ್ ಸುರಿದು ನೋಡಿ. ನೀರು ಹಾಳೆಯಂತೆ ಹರಡಿ ನಿಲ್ಲಬೇಕು. ಕೆಸುವಿನೆಲೆಯ ಮೇಲಿನಂತೆ ಹನಿಗಟ್ಟಿ ಜಾರಿದರೆ ಜಿಡ್ಡಿದೆ, ಮತ್ತೆ ಉಜ್ಜಿ. ಇಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟಬೇಡಿ. ಒಣಗಲೂ ಬಿಡಬೇಡಿ: ನಮ್ಮ ಕರಾವಳಿಯ ತೇವಕ್ಕೆ ನಿಮಿಷಗಳಲ್ಲೇ ಕಂದು ಛಾಯೆ ಬರುತ್ತದೆ. ಹಸಿಯಿರುವಾಗಲೇ ದ್ರಾವಣಕ್ಕೆ ಇಳಿಸಿ.

ಡಿಸಿ ಸಪ್ಲೈಯ ಮೈನಸ್ ತಂತಿ ಬೋಲ್ಟಿಗೆ, ಪ್ಲಸ್ ತಂತಿ ದ್ರಾವಣಕ್ಕಿಳಿಸಿದ ಜಿಂಕ್ ತುಂಡಿಗೆ. ಬೋಟಿನ ತಳಕ್ಕೆ ಹಾಕುವ ಜಿಂಕ್ ಒಳ್ಳೆಯದು. ಜಿಂಕ್ ಬದಲು ಸ್ಟೀಲ್ ಚಮಚ ಇಳಿಸಿದರೆ ಕ್ರೋಮಿಯಂ ಕರಗಿ ದ್ರಾವಣ ವಿಷವಾಗುತ್ತದೆ. ತಂತಿಯ ಕ್ಲಿಪ್ಪು ದ್ರಾವಣಕ್ಕೆ ತಾಗಬಾರದು. ಕರೆಂಟ್ ನಿಗದಿ ಮಾಡಬಲ್ಲ ಡಿಸಿ ಸಪ್ಲೈಯೇ ಬೇಕು. ಚದರ ಸೆಂಟಿಮೀಟರಿಗೆ 15 ಮಿಲಿಆಂಪ್ ಲೆಕ್ಕ, 5 ಸೆಂ.ಮೀ. ಉದ್ದದ, 8 ಮಿ.ಮೀ. ದಪ್ಪದ ಬೋಲ್ಟಿಗೆ ಸುಮಾರು 0.3 ಆಂಪಿಯರ್. 20 ನಿಮಿಷಕ್ಕೆ 7-8 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಒಂದು ಮೈಕ್ರಾನ್) ದಪ್ಪ ಜಿಂಕ್ ಕೂರುತ್ತದೆ. ಐದೈದು ನಿಮಿಷಕ್ಕೆ ತಿರುಗಿಸಿ. ಮರೆಯ ತುದಿ ಕಪ್ಪಾಗಿ ಪುಡಿ ಉದುರಿದರೆ ಕರೆಂಟ್ ಹೆಚ್ಚಾಗಿದೆ; ಸಿಪ್ಪೆ ಏಳುತ್ತಿದ್ದರೆ ತೊಳೆದದ್ದು ಸಾಲದು. ಜಲಜನಕ ಏಳುವುದರಿಂದ ಜಗಲಿಯಲ್ಲೇ ಮಾಡಿ, ಬೆಂಕಿ ದೂರವಿರಲಿ.

ತಲೆಯ ಮೇಲೆ 10.9, 12.9 ಎಂದಿರುವ ಬೋಲ್ಟು, ಸ್ಪ್ರಿಂಗ್, ಬ್ರೇಕಿನ ಭಾಗಗಳಿಗೆ ಇದು ಖಂಡಿತ ಬೇಡ. ಜಲಜನಕ ಹೊಕ್ಕ ಗಟ್ಟಿ ಉಕ್ಕು ಸುಳಿವಿಲ್ಲದೆ ಮುರಿಯುತ್ತದೆ.

ತೆಗೆದಾಗ ಬೂದು ಬಣ್ಣವಿರುತ್ತದೆ; ಅಡುಗೆ ಸೋಡಾದಲ್ಲಿ ಉಜ್ಜಿದರೆ ಹೊಳಪು ಬರುತ್ತದೆ. ಒಣಗಿಸಿ ತೆಳುವಾಗಿ ಗ್ರೀಸ್ ಸವರಿ, ಇಲ್ಲದಿದ್ದರೆ ಆಟಿಯ ಮಳೆಗೆ ಬಿಳಿ ತುಕ್ಕು ಕೂರುತ್ತದೆ. ದ್ರಾವಣವನ್ನು ಬಾವಿಯ ಹತ್ತಿರವಾಗಲಿ ತೋಡಿಗಾಗಲಿ ಚೆಲ್ಲಬೇಡಿ, ಜಿಂಕ್ ಮೀನಿಗೆ ವಿಷ. ಸೋಸಿ, ಹೆಸರು ಬರೆದ ಬಾಟಲಿಯಲ್ಲಿ ಮಕ್ಕಳಿಗೆ ಎಟುಕದಂತೆ ಇಟ್ಟರೆ ಮುಂದಿನ ಸಲಕ್ಕೂ ಬರುತ್ತದೆ.